ಸೇತುವೆ ತುದಿಯಲ್ಲಿ ಕೂತ ತಳವಾರ

ಹದಿನೆಂಟು ವರ್ಷ ಲಿಂಗಯ್ಯ ಆ ಸೇತುವೆಯ ತುದಿಯಲ್ಲಿ ನಿಂತು ಕೈಯೆತ್ತಿದ್ದ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಅದೊಂದು ಇಕ್ಕಟ್ಟಿನ ಸೇತುವೆ; ಎದುರುಬದುರು ಎರಡು ಗಾಡಿ ಹಿಡಿಯವು. ಊರ ತಳವಾರ ಲಿಂಗಯ್ಯ ಕೈಯೆತ್ತಿದರೆ ನಿಲ್ಲಬೇಕು, ಇಳಿಸಿದರೆ ಹೊರಡಬೇಕು. ಹಿಂದಿನ ಪಟೇಲರು "ನೋಡ್ಕಳ್ಲಾ" ಅಂದಿದ್ದರು, ನೋಡಿಕೊಂಡಿದ್ದ. ಅಷ್ಟೆ.

ಈಗ ಬಸ್ಸು ಬಂತು, ಬಸ್ಸಿನ ಹಿಂದೆ ಕಾನೂನೂ ಬಂತು. ಹೋದ ವಾರ ತಾಲ್ಲೂಕು ಕಚೇರಿಯ ಗುಮಾಸ್ತ ತಿರುನಾರಾಯಣಯ್ಯ ಚಾವಡಿಯಲ್ಲಿ ಹುಕುಂ ಓದಿದರು: ಪೊಲೀಸರು, ಇಲ್ಲವೇ ಬರಹದಲ್ಲಿ ಅಧಿಕಾರ ಪಡೆದವರು ಮಾತ್ರ ವಾಹನ ತಡೆಯಬಹುದು. ಲಿಂಗಯ್ಯನ ಹತ್ತಿರ ಯಾವ ಬರಹ ಇತ್ತು, ಮಣ್ಣು. ಮತ್ತೆ ಕೈಯೆತ್ತಿದರೆ ತಳವಾರಿಕೆಯೂ ಹೋಗುತ್ತೆ, ಅದಕ್ಕೆ ಕೊಟ್ಟ ಉಂಬಳಿ ಹೊಲವೂ ಹೋಗುತ್ತೆ ಅಂದರು. ಮಂಡ್ಯದಿಂದ ಪೊಲೀಸಿನವನು ಬರಬೇಕಿತ್ತು, ಬಂದಿರಲಿಲ್ಲ. ಲಿಂಗಯ್ಯ ಮಾತ್ರ ದಿನಾ ಬಂದು ಅಲ್ಲೇ ಸುಮ್ಮನೆ ನಿಲ್ಲುತ್ತಿದ್ದ. ಹಾಳು ಅಭ್ಯಾಸ.

ಅವತ್ತು ಮಟಮಟ ಮಧ್ಯಾಹ್ನ. ಬಂಡೂರಿನ ಚಿಕ್ಕಬೋರಮ್ಮ ಮದ್ದೂರ ಸಂತೆಗೆ ಕುರಿ ಹೊಡೆದುಕೊಂಡು ನಡುಸೇತುವೆಗೆ ಬಂದಿದ್ದಳು. ಇತ್ತ ಲಿಂಗಯ್ಯ ನಿಂತ ಕಡೆಯಿಂದ ಬಸ್ಸು ಬಂತು. ಸೇತುವೆಗೆ ಇದ್ದದ್ದು ಮೊಣಕಾಲೆತ್ತರದ ಕಟ್ಟೆ. ಹಾರನ್ನಿಗೆ ಬೆದರಿ ಒಂದು ಕುರಿ ಹಾರಿದರೆ ಮಂದೆಯೆಲ್ಲ ಹಾರುತ್ತೆ, ಕೆಳಗೆ ಬಂಡೆ. ಲಿಂಗಯ್ಯನ ಕೈ ತಾನಾಗಿ ಮೇಲೆದ್ದಿತು. ಹೊಲ ನೆನಪಾಯಿತು. ಕೈ ಇಳಿಸಿದ. ಆಮೇಲೆ ರಸ್ತೆ ನಡುವಿಗೆ ನಡೆದುಹೋಗಿ ಬಸ್ಸಿಗೆ ಮುಖಮಾಡಿ ಕುಕ್ಕರಿಸಿಬಿಟ್ಟ.

ಬಸ್ಸು ಕಿರುಗುಟ್ಟಿ ನಿಂತಿತು. ಇಳಿದವರು ಯಾರು ಅಂತೀರಿ? ಅದೇ ತಿರುನಾರಾಯಣಯ್ಯ.

"ಬಸ್ಸು ತಡೆದೆಯೇನಯ್ಯ?"

"ಇಲ್ಲ ಬುದ್ಧಿ. ಕೈ ಎತ್ನಿಲ್ಲ. ಸಾಕಾಯ್ತು, ಕುಂತ್ಕಂಡೆ. ಕುಂತ್ಕಳಾಕೂ ಬರವಣಿಗೆ ಬೇಕಾ?"

ಸುಳ್ಳೇನಲ್ಲ. ಏಳೋಣವೆಂದರೆ ಮಂಡಿ ನಿಜಕ್ಕೂ ಮೇಲೇಳುತ್ತಿರಲಿಲ್ಲ. ಹದಿನೆಂಟು ವರ್ಷದ ದಣಿವೆಲ್ಲ ಆ ಗಳಿಗೆಗೇ ಕಾದಿತ್ತೋ ಏನೋ.

ಗುಮಾಸ್ತರು ಅವನ ಬೆನ್ನ ಹಿಂದೆ ನೋಡಿದರು, ಕುರಿಗಳು ಕಂಡವು. ಹಾರನ್ ಒತ್ತಬೇಡವೆಂದು ಡ್ರೈವರಿಗೆ ಹೇಳಿ, ಬಗ್ಗಿ ಮೆಲ್ಲಗೆ ಅಂದರು:

"ಈ ಡ್ರೈವರು ದೂರು ಕೊಡ್ತಾನೆ, ನಾನು ಬರೀಲೇಬೇಕು. ತಡೆದ ಅಂತ ಬರೆದರೆ ಉಂಬಳಿ ಹೋಗುತ್ತೆ. ದಣಿದು ಕೂತ ಅಂತ ಬರೆದರೆ, ಚಾಕರಿಗೆ ಕೈಲಾಗದವನು ಅಂತ ಆಗಲೂ ಹೋಗುತ್ತೆ. ಏನಂತ ಬರೀಲಿ, ನೀನೇ ಹೇಳು."

ಲಿಂಗಯ್ಯ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ.

"ಕುಂತಿದ್ದೇ ದಿಟ, ಅದ್ನೇ ಬರ್ಕಳಿ ಬುದ್ಧಿ. ಕುರಿ ಎಲ್ಲಾ ದಾಟ್ದೊ? ನಂಗೆ ತಿರುಗಿ ನೋಡಕಾಯ್ತಿಲ್ಲ."