ರೌಂಡ್ಸಿನ ಗಂಟೆ

"ಮುಂದೆ ಕೂರಬೇಡ. ನಿನ್ನ ಮೈಯಿಂದ ಫಿನಾಯಿಲ್ ವಾಸನೆ ಬರ್ತಿದೆ. ಹಿಂದಕ್ಕೆ ಹೋಗು."

ನರ್ಸಿಂಗ್ ಶಾಲೆಯ ಟ್ಯೂಟರಮ್ಮ ಹೀಗೆಂದದ್ದು ಇಡೀ ತರಗತಿಯ ಎದುರು. ನಾನು ಪುಸ್ತಕ ಎತ್ತಿಕೊಂಡು ಕೊನೆಯ ಬೆಂಚಿಗೆ ನಡೆದೆ. ಪಕ್ಕದಲ್ಲಿ ಹಾಯುವಾಗ ಒಬ್ಬಳು ಬ್ಯಾಗು ಎಳೆದುಕೊಂಡಳು, ಇನ್ನೊಬ್ಬಳು ಮೂಗಿಗೆ ಕರ್ಚೀಫು ಹಿಡಿದಳು. ಕೂತ ಮೇಲೆ ಯಾರಿಗೂ ಕಾಣದ ಹಾಗೆ ಅಂಗೈ ಮೂಸಿ ನೋಡಿಕೊಂಡೆ. ವಾಸನೆ ಇತ್ತು. ಆಕೆ ಸುಳ್ಳು ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಹೇಳಿದ್ದು ನಿಜ, ಅದಕ್ಕೇ ನಾಚಿಕೆಯಿಂದ ಹಿಡಿಯಷ್ಟಾದೆ.

ಅವತ್ತಿನ ಪಾಠ ನಾಡಿ ನೋಡುವುದು. "ಪೂರ್ತಿ ಒಂದು ನಿಮಿಷ ಎಣಿಸಬೇಕು. ಮಧ್ಯೆ ಯಾರು ಕರೆದ್ರೂ ಕೈ ಬಿಡಬಾರದು, ಭೂಕಂಪ ಆದ್ರೂ ಸರಿ," ಎಂದರು ಟ್ಯೂಟರಮ್ಮ. ಹುಡುಗಿಯರು ನಕ್ಕರು. ನಾನು ಬರೆದುಕೊಂಡೆ, ಬರೆಯುತ್ತಲೇ ತೂಕಡಿಸಿದೆ.

ಬೆಳಿಗ್ಗೆ ನಾನು ವಿದ್ಯಾರ್ಥಿನಿ, ಬಿಳಿ ಕೋಟು. ಮಧ್ಯಾಹ್ನದಿಂದ ಅದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆಯಾ, ನೀಲಿ ಕೋಟು. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಓದು ಬಿಟ್ಟರೆ ಸಾಯುವ ತನಕ ಬಕೆಟ್ಟು. ಹೃದಯಕ್ಕೆ ನಾಲ್ಕು ಕೋಣೆ ಎಂದು ಪಾಠ ಮಾಡಿದ ದಿನ ನಾನು ಎರಡನೆಯ ಕೋಣೆಯಲ್ಲೇ ನಿದ್ದೆ ಹೋಗಿದ್ದೆ. ಉಳಿದೆರಡು ಏನಾದವೋ, ಆಮೇಲೆ ಪುಸ್ತಕದಲ್ಲಿ ಹುಡುಕಿಕೊಂಡೆ.

ಇಷ್ಟಾದರೂ ನಡೆದದ್ದು ಚಿಕ್ಕಮ್ಮನಿಂದ. ಅಮ್ಮನ ತಂಗಿ, ನನ್ನನ್ನು ಸಾಕಿದವಳು, ಅದೇ ವಾರ್ಡಿನ ಹಳೇ ಆಯಾ. ನನ್ನ ಪಾಲಿನ ನೆಲವನ್ನೂ ಅವಳೇ ಒರೆಸುತ್ತಿದ್ದಳು. "ನೀನು ಆ ಮೂಲೇಲಿ ಕೂತು ಓದ್ಕೊಳೇ, ನನ್ನ ಕಾಲಿಗೆ ಅಡ್ಡ ಬರಬೇಡ. ಸಿಸ್ಟರ್ ಆದ್ಮೇಲೆ ಈ ಹಾಳು ಮಂಡಿಗೆ ಒಂದು ಸೂಜಿ ಚುಚ್ಚು, ಸಾಕು," ಎನ್ನುತ್ತಿದ್ದಳು.

ನಮ್ಮ ವಾರ್ಡಿಗೊಂದು ನಿಯಮವಿತ್ತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವಾಗ ಆಯಾಗಳು ಕಣ್ಣಿಗೆ ಬೀಳಬಾರದು. ಬಾಗಿಲ ಬಳಿಯ ಗಂಟೆ ಹೊಡೆದ ತಕ್ಷಣ ಬಕೆಟ್ಟು, ಬಟ್ಟೆ ಎತ್ತಿಕೊಂಡು ಬೆಡ್‌ಪ್ಯಾನ್ ತೊಳೆಯುವ ಕೋಣೆಗೆ ಓಡಬೇಕು, ಬಾಗಿಲು ಹಾಕಿಕೊಳ್ಳಬೇಕು, ಅವರು ಹೋಗುವ ತನಕ ಕೆಮ್ಮಲೂ ಬಾರದು. ಆ ಕೋಣೆಯನ್ನು ನಾವು ಅರಮನೆ ಎಂದು ಕರೆಯುತ್ತಿದ್ದೆವು. ವಾರ್ಡು ತಾನಾಗಿಯೇ ಚೊಕ್ಕಟವಾಗಿದೆ ಎಂದು ದೊಡ್ಡವರು ನಂಬಬೇಕಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ನನ್ನದೇ ವಾರ್ಡಿನಲ್ಲಿ ಬಿತ್ತು. "ಇದರಲ್ಲಿ ಫೇಲಾದ್ರೆ ನಿನ್ನ ಸೀಟು ಹೋಯ್ತು ಅಂತಲೇ ತಿಳ್ಕೋ. ಎರಡು ದೋಣೀಲಿ ಕಾಲಿಡು ಅಂತ ನಿನಗೆ ಯಾರು ಹೇಳಿದ್ರು?" ಎಂದು ಟ್ಯೂಟರಮ್ಮ ಹಿಂದಿನ ದಿನವೇ ಎಚ್ಚರಿಸಿದ್ದರು.

ಇಸ್ತ್ರಿ ಹಾಕಿದ ಬಿಳಿ ಕೋಟು ತೊಟ್ಟು ಹಾಸಿಗೆಯ ಪಕ್ಕ ನಿಂತೆ. ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಮುದುಕ, ಲಾರಿ ಡ್ರೈವರು. ಅವನ ಮೈ ಒರೆಸಬೇಕು, ನಾಡಿ ನೋಡಬೇಕು. ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಗಂಟೆ ಹೊಡೆಯಿತು.

ಅದು ಹೊರಗಿನಿಂದ ಬಂದ ಪರೀಕ್ಷಕಿಗಾಗಿ ಹೊಡೆದ ಗಂಟೆ. ನನ್ನ ತಲೆಗೆ ಅದು ಹೋಗಲೇ ಇಲ್ಲ, ನೇರ ಕಾಲಿಗೆ ಹೋಯಿತು. ಮೂಲೆಯಲ್ಲಿದ್ದ ಬಕೆಟ್ಟು ಎತ್ತಿಕೊಂಡು ಓಡಿದೆ, ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡೆ. ಒಳಗೆ ಚಿಕ್ಕಮ್ಮ ಆಗಲೇ ನಿಂತಿದ್ದಳು.

"ಹಾಳಾದೋಳೇ, ನೀನ್ಯಾಕೆ ಬಂದೆ?"

"ಗಂಟೆ..."

"ಗಂಟೆ ನಮಗೆ ಕಣೇ. ಬಿಳಿ ಕೋಟು ಹಾಕ್ಕೊಂಡು ಹೇಲಿನ ಕೋಣೇಲಿ ನಿಂತಿದೀಯಲ್ಲ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಹೋಗೇ ಆಚೆ." ಬಕೆಟ್ಟು ಕಿತ್ತುಕೊಂಡು ನನ್ನನ್ನು ಹೊರಗೆ ತಳ್ಳಿದಳು.

ಸಾಲಾಗಿ ನಿಂತ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಟ್ಯೂಟರಮ್ಮ ಪರೀಕ್ಷಕಿಯ ಕಡೆ ತಿರುಗಿ, "ನೋಡಿದ್ರಾ ಮೇಡಂ? ಕೋಟು ಬದಲಾಯಿಸಬಹುದು, ಹುಟ್ಟು ಬದಲಾಯಿಸೋಕಾಗತ್ತಾ?" ಎಂದರು. ಪರೀಕ್ಷಕಿ ಗಡಿಯಾರ ನೋಡಿಕೊಂಡು "ಶುರು ಮಾಡಿ" ಎಂದರು.

ಮುದುಕನ ಬೆನ್ನು ಒರೆಸುವಾಗ ನನ್ನ ಮೊಣಕೈ ಪಕ್ಕದ ಸ್ಟೂಲಿಗೆ ತಾಗಿತು. ಬೋಗುಣಿ ಜಾರಿತು. ಕೊಳೆ ನೀರು ನೆಲದ ತುಂಬ ಹರಿದು ಪರೀಕ್ಷಕಿಯ ಚಪ್ಪಲಿ ಮುಟ್ಟಿತು. ನಾನು ಬಟ್ಟೆಗೆ ಕೈ ಹಾಕಿ ಬಗ್ಗಿದೆ.

"ಥೂ, ನೀನು ಬಗ್ಗಬೇಡ. ಪರೀಕ್ಷೇಲಿದೀಯ ಅನ್ನೋದಾದ್ರೂ ನೆನಪಿರಲಿ," ಎಂದ ಟ್ಯೂಟರಮ್ಮ ಕೋಣೆಯ ಕಡೆ ಕೂಗಿದರು. "ಏ ಮುದುಕಿ, ಬಾ ಇಲ್ಲಿ. ಬೇಗ ಒರೆಸು."

ಚಿಕ್ಕಮ್ಮ ಬಂದಳು. ಒಂದು ಮಂಡಿ ಊರಿದಳು, ಹಲ್ಲು ಕಚ್ಚಿ ಇನ್ನೊಂದನ್ನೂ ಊರಿದಳು. ಒರೆಸುತ್ತ ಒರೆಸುತ್ತ ಬಟ್ಟೆ ನನ್ನ ಕಾಲ ಬಳಿ ಬಂತು. ಅವಳು ತಲೆ ಎತ್ತಲಿಲ್ಲ.

"ಸಿಸ್ಟರ್, ಕಾಲು ಸ್ವಲ್ಪ ಎತ್ತಿ."

ಆ ದನಿಯಲ್ಲಿ ಅವಳು ನನ್ನ ಜೊತೆ ಯಾವತ್ತೂ ಮಾತಾಡಿರಲಿಲ್ಲ. ಅದು ರೋಗಿಗಳ ಕಡೆಯವರೊಂದಿಗೆ ಆಡುವ ದನಿ. ನಾನು ಅವಳ ಮನೆಯ ಹುಡುಗಿ ಎಂದು ಪರೀಕ್ಷಕಿಗೆ ತಿಳಿಯದಿರಲಿ, ನನ್ನ ಮರ್ಯಾದೆ ಉಳಿಯಲಿ ಎಂದು ಹಾಗೆ ಅಂದಳು. ನಾನೇನು ಮಾಡಿದೆ? ಕಾಲೆತ್ತಿದೆ. ಮೊದಲು ಒಂದು, ಆಮೇಲೆ ಇನ್ನೊಂದು. ಅವಳು ನನ್ನ ಅಂಗಾಲ ಕೆಳಗೆ ಒರೆಸಿದಳು. ಹಿಂದಿನ ಬೆಂಚಿಗೆ ನಡೆದಾಗ ಆಗಿದ್ದೂ ಒಂದು ನಾಚಿಕೆಯೇ? ಇದರ ಮುಂದೆ ಅದು ಏನೂ ಅಲ್ಲ.

"ಮುಂದಿನದು ನಾಡಿ," ಎಂದರು ಪರೀಕ್ಷಕಿ.

ಆಗ ಮತ್ತೆ ಗಂಟೆ ಹೊಡೆಯಿತು. ಈ ಸಲ ನಿಜವಾದ ರೌಂಡ್ಸು. ಚಿಕ್ಕಮ್ಮ ಮಂಚದ ಕಂಬಿ ಹಿಡಿದು ಏಳಲು ನೋಡಿದಳು. ಮಂಡಿ ಏಳಲಿಲ್ಲ.

"ಎದ್ದು ತೊಲಗೇ, ದೊಡ್ಡ ಡಾಕ್ಟರು ಬಂದ್ರು," ಟ್ಯೂಟರಮ್ಮ ಪಿಸುದನಿಯಲ್ಲೇ ಗದರಿದರು.

ನನ್ನ ಕಾಲು ಆಗಲೇ ಆ ಕೋಣೆಯ ಕಡೆ ತಿರುಗಿತ್ತು. ನೋಡಿಕೊಂಡೆ, ಅಸಹ್ಯವಾಯಿತು. ಕಾಲನ್ನು ಅಲ್ಲೇ ನಿಲ್ಲಿಸಿದೆ. ಚಿಕ್ಕಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಮುದುಕನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಎದುರು ಕುಕ್ಕರಿಸಿ ಅವಳ ಮುಂಗೈ ಮೇಲೆ ಮೂರು ಬೆರಳಿಟ್ಟೆ.

"ಏನು ಮಾಡ್ತಿದೀಯ? ರೋಗಿ ಅಲ್ಲಿದಾನೆ," ಟ್ಯೂಟರಮ್ಮ ಹಾಸಿಗೆ ತೋರಿಸಿದರು.

"ಇವರು ನಮ್ಮ ಚಿಕ್ಕಮ್ಮ ಮೇಡಂ," ಎಂದೆ ಪರೀಕ್ಷಕಿಗೆ.

"ಬಿಡೇ, ನಿನ್ನ ಓದು ಹಾಳಾಗತ್ತೆ," ಚಿಕ್ಕಮ್ಮ ಕೈ ಎಳೆದುಕೊಳ್ಳಲು ನೋಡಿದಳು. ನಾನು ಬಿಗಿಯಾಗಿ ಹಿಡಿದೆ.

"ಕೈ ಬಿಡು ಅವಳದು," ಎಂದರು ಟ್ಯೂಟರಮ್ಮ.

"ಪೂರ್ತಿ ಒಂದು ನಿಮಿಷ ಎಣಿಸಬೇಕು ಮೇಡಂ. ಯಾರು ಕರೆದ್ರೂ ಬಿಡಬಾರದು ಅಂತ ನೀವೇ ಹೇಳಿಕೊಟ್ಟಿದ್ದು."

ಬೂಟುಗಳ ಸದ್ದು ವಾರ್ಡಿನ ಒಳಕ್ಕೆ ಬಂತು. ಪರೀಕ್ಷಕಿಯ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಚಿಕ್ಕಮ್ಮನ ಇನ್ನೊಂದು ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಕೊಳೆ ನೀರು ನನ್ನ ಬಿಳಿ ಕೋಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎಣಿಕೆ ತಪ್ಪಿಹೋಗಿತ್ತು. ಮತ್ತೆ ಒಂದರಿಂದ ಶುರು ಮಾಡಿದೆ.