ನೋವು ಹೋಯಿತೆಂದು ಶೀರಾ ಹಂಚಿದವರು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಭುಜಂಗ ಶೆಟ್ಟರಿಗೆ ಓಟದ ಹುಚ್ಚು. ಹುಚ್ಚು ಒಳ್ಳೆಯದೇ. ಐವತ್ತರ ಹತ್ತಿರದ ಮನುಷ್ಯ ಬೆಳಗಾಗುತ್ತಲೇ ಪಕ್ಕದ ಠಾಕುರ್ಲಿ ಸ್ಟೇಷನ್ನಿನವರೆಗೆ ಓಡಿ ಬರುತ್ತಾರೆಂದರೆ ಯಾರಿಗೆ ಹೊಟ್ಟೆಕಿಚ್ಚಾಗದು? ಆದರೆ ಆ ವರ್ಷ ಸೊಂಟದಿಂದ ಬಲಗಾಲಿನ ಮೀನಖಂಡದವರೆಗೆ ನೋವು ಹಿಡಿಯಿತು. ಶೆಟ್ಟರು ನಿಲ್ಲಲಿಲ್ಲ. ಗುಳಿಗೆ ನುಂಗಿ ಓಡಿದರು. ಮೊಣಕಾಲು ಊದಿದರೆ ಪಟ್ಟಿ ಕಟ್ಟಿ ಓಡಿದರು. ಹೆಂಡತಿ ಜಯಲತಾ ಬೈದರೆ ಸ್ಪ್ರೇ ಹೊಡೆದುಕೊಂಡು ಓಡಿದರು.

ಒಂದು ಬೆಳಿಗ್ಗೆ ಎದ್ದು ನೋಡುತ್ತಾರೆ, ನೋವೇ ಇಲ್ಲ! ಕಾಲು ಸ್ವಲ್ಪ ಜೋಮು ಹಿಡಿದಿತ್ತು, ಅಷ್ಟೇ. ಆ ಖುಷಿಯಲ್ಲಿ ಹೋಟೆಲಿಗೆ ಬಂದ ಗಿರಾಕಿಗಳಿಗೆಲ್ಲ ಶೀರಾ ಹಂಚಿದರು.

ಸಂಜೆ ಸ್ಟೇಷನ್ನಿನ ಸೇತುವೆ ದಾಟಿ ಮನೆಗೆ ಬಂದಾಗ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಬಿತ್ತೆಂದು ಅವರಿಗೇ ಗೊತ್ತಿಲ್ಲ.

"ಎಂತ ಮಾರ್ರೆ, ಚಪ್ಪಲಿ ಬಿದ್ದದ್ದೂ ಗೊತ್ತಾಗ್ಲಿಲ್ವಾ ನಿಮ್ಗೆ?" ಜಯಲತಾ ಬಿದ್ದು ಬಿದ್ದು ನಕ್ಕರು.

ಪಕ್ಕದ ಮನೆಯ ವಿನೋದಾ ಬಾಗಿಲಲ್ಲೇ ನಿಂತಿದ್ದರು. ಮೈಸೂರಿನವರು, ಠಾಣೆಯಲ್ಲಿ ಫಿಸಿಯೋಥೆರಪಿಸ್ಟ್. ಅವರು ನಗಲಿಲ್ಲ.

"ಭುಜಂಗಣ್ಣ, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೀರಿ, ನೋಡೋಣ."

ನಡೆಯಲು ಹೋದರೆ ಬಲಪಾದ ಮೇಲೇಳಲೇ ಇಲ್ಲ. ಪಟ್ಟನೆ ನೆಲಕ್ಕೆ ಬಡಿಯಿತು.

"ಅಯ್ಯೋ, ಇದು ವಾಸಿಯಾಗಿರೋದಲ್ಲ ಕಣಣ್ಣ! ಸೊಂಟದ ಹತ್ರ ನರ ಒತ್ತಿರಬಹುದು. ನೋವು ಹೋಗಿ ಶಕ್ತಿನೂ ಹೋಗ್ತಿದೆ ಅಂದ್ರೆ ನರ ಕೈಬಿಡ್ತಿದೆ ಅಂತ. ಈಗ್ಲೇ ಆಸ್ಪತ್ರೆಗೆ ನಡೀರಿ."

"ಭಾನುವಾರ ಮ್ಯಾರಥಾನ್ ಉಂಟಲ್ಲ! ನಮ್ಮ ಕನ್ನಡ ಸಂಘದವರು ನನ್ನ ಫೋಟೋ ಹಾಕಿ ಬ್ಯಾನರ್ ಕಟ್ಟಿ ಆಗಿದೆ. ಓಡದಿದ್ರೆ ಮರ್ಯಾದೆ ಎಂತ ಉಳೀತದೆ?"

"ಬ್ಯಾನರ್ ಬಂದು ನಿಮ್ಮ ಕಾಲು ಎತ್ತುತ್ತಾ?"

"ಸೋಮವಾರ ಎಲ್ಲಿಗೆ ಕರೆದ್ರೂ ಬರ್ತೇನೆ ಮಾರಾಯ್ತಿ. ನೋವೇ ಇಲ್ಲ ಅಂತ ಹೇಳ್ತಿದ್ದೇನಲ್ಲ!"

ಜಯಲತಾ ಕೂಡ ಗಂಡನ ಕಡೆಗೇ ವಾಲಿದರು. "ನೋವಿದ್ದಾಗ್ಲೇ ಓಡಿದವರು. ಈಗ ಇಲ್ಲದಾಗ ಬೇಡ ಅಂತ ಹೇಗೆ ಹೇಳುದು ವಿನೋದಾ?"

ಭಾನುವಾರ ನವಿ ಮುಂಬಯಿಯ ರಸ್ತೆಯಲ್ಲಿ ಶೆಟ್ಟರು ಪಾದ ಎಳೆದುಕೊಂಡೇ ಓಡಿದರು. ಎಡವಿ ಬಿದ್ದರು, ಎದ್ದರು, ಪೂರ್ತಿ ಮಾಡಿದರು. ಸಂಘದವರು ಶಾಲು ಹೊದೆಸಿ ಭಾಷಣ ಬಿಗಿದರು. ಪಾದ ಎಳೆದುಕೊಂಡು ಓಡಿದ್ದನ್ನು ಛಲ ಎಂದು ಹೊಗಳಿದರು. ಛಲವಂತೆ! ಆ ಬ್ಯಾನರ್ ಕಟ್ಟಿದವರಲ್ಲಿ ಒಬ್ಬರಿಗಾದರೂ ಅವರ ಪಾದ ನೋಡಬೇಕೆನ್ನಿಸಲಿಲ್ಲವಲ್ಲ.

ಸೋಮವಾರ ಸ್ಕ್ಯಾನ್ ಆಯಿತು. ವಿನೋದಾ ಹೇಳಿದಂತೆ ಸೊಂಟದ ಹತ್ತಿರ ನರ ಒತ್ತಿತ್ತು. ಮರುದಿನವೇ ಆಪರೇಷನ್.

"ಚಪ್ಪಲಿ ಬಿದ್ದ ದಿನವೇ ಯಾಕೆ ಬರಲಿಲ್ಲ?" ಎಂದು ನಡೆದದ್ದೆಲ್ಲ ತಿಳಿದ ಡಾಕ್ಟರು ಕೇಳಿದರು. ಜಯಲತಾ ಗೋಡೆಗೆ ಮುಖ ಮಾಡಿ ಅತ್ತರು. ಅಂದು ನಕ್ಕಿದ್ದು ಅವರನ್ನು ಈಗಲೂ ಚುಚ್ಚುತ್ತದೆ.

ನೋವು ಮತ್ತೆ ಬರಲಿಲ್ಲ. ಪಾದವೂ ಪೂರ್ತಿ ಏಳಲಿಲ್ಲ. ಬೂಟಿನೊಳಗೆ ಪ್ಲಾಸ್ಟಿಕ್ಕಿನ ಆಸರೆ ಹಾಕದೆ ಶೆಟ್ಟರು ಬಾಗಿಲು ದಾಟುವಂತಿಲ್ಲ, ಓಟದ ಮಾತಂತೂ ದೂರ. ಓಡುವವರು ಯಾರಾದರೂ ಹೋಟೆಲಿಗೆ ಬಂದರೆ ಪ್ಯಾಂಟು ಮೇಲೆತ್ತಿ ಕಾಲು ತೋರಿಸುತ್ತಾರೆ.

"ವಿನೋದಾ ಹೇಳಿದ್ದೇ ಸರಿ ಮಾರಾಯ. ನಾನು ನಂಬಿದ್ದು ಮಾತ್ರ ಸೋಮವಾರ."

ಅಣ್ಣಂದಿರೇ, ಅಕ್ಕಂದಿರೇ, ಓಡಿ, ಬೇಡ ಎಂದವರಾರು? ಆದರೆ ನೋವನ್ನು ಗುಳಿಗೆಯಿಂದ ಮುಚ್ಚಿಟ್ಟು ಓಡಬೇಡಿ. ಕೀಲು ಊದಿದರೆ ನಿಲ್ಲಿಸಿ, ತೋರಿಸಿ. ಜೋಮು ಬಿಡದಿದ್ದರೆ, ಪಾದ ಎಳೆದರೆ, ಅದೇ ದಿನ ಡಾಕ್ಟರ ಬಳಿ ಹೋಗಿ. ಮಲಮೂತ್ರದ ಹಿಡಿತ ತಪ್ಪಿತೋ, ಒಂದು ಗಳಿಗೆಯೂ ಕಾಯಬೇಡಿ. ಸಕಾಲಕ್ಕೆ ಹೋದ ಎಷ್ಟೋ ಜನ ಮತ್ತೆ ಓಡುತ್ತಿದ್ದಾರೆ. ಮ್ಯಾರಥಾನ್ ಮುಂದಿನ ವರ್ಷವೂ ಇರುತ್ತದೆ. ಸತ್ತ ನರ ಮರಳಿ ಬರುತ್ತದೆಂದು ಯಾವ ಡಾಕ್ಟರೂ ಮಾತು ಕೊಡುವುದಿಲ್ಲ.