ದೃಷ್ಟಿಬೊಟ್ಟು

"ಕಾಕಾ, ಸ್ವಲ್ಪ ಇಲ್ಲಿ ಬರ್ರಿ. ಇದೇನ್ರಿ ಇದು, ಕಾಡಿಗಿ?"

ವರ್ಕ್‌ಶಾಪಿನಲ್ಲಿ ಶಿವಗಂಗಾ ಸ್ಟೂಲಿನ ಮೇಲೆ ನಿಂತು, ಬಾನೆಟ್ಟಿಗೆ ಮೈ ತಾಗದಂತೆ ಬಾಗಿ, ಕಾರಿನ ಮುಂದಿನ ಗಾಜಿನ ನೆತ್ತಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಉಗುರಿಗೆ ಅಂಟಿದ ಕಪ್ಪನ್ನು ಮೂಸಿ ನೋಡಿದಳು. ಹರಳೆಣ್ಣೆಯ ವಾಸನೆ. ಡ್ರೈವರ್ ಮುನಿಯಣ್ಣ ಹತ್ತಿರ ಬಂದು ಕತ್ತೆತ್ತಿ ನೋಡಿ, ಇದರಲ್ಲೇನು ವಿಶೇಷ ಎನ್ನುವವನ ಹಾಗೆ, ಅದು ದೃಷ್ಟಿಬೊಟ್ಟು ಎಂದ.

ಇಟ್ಟವಳು ಅವನ ಹೆಂಡತಿ ಬೈರಮ್ಮ. ಇಡದೆ ಏನು ಮಾಡುತ್ತಾಳೆ? ಕಾರು ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಅತ್ತಿಬೆಲೆ ಹತ್ತಿರ ಜಲ್ಲಿ ಲಾರಿಯಿಂದ ಒಂದು ಕಲ್ಲು ಹಾರಿ ಗಾಜು ಆ ಕಡೆಯಿಂದ ಈ ಕಡೆಗೆ ಸೀಳಿಹೋಗಿತ್ತು. ಅಷ್ಟು ಚೆಂದದ ಗಾಡಿಗೆ ಯಾರದೋ ಕಣ್ಣು ಬಿದ್ದಿದೆ ಎಂಬುದರಲ್ಲಿ ಬೈರಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೊಸ ಗಾಜು ಹಾಕಿಸಿದ ಮೇಲೆ ಗಂಡ ಮಧ್ಯಾಹ್ನದ ಊಟಕ್ಕೆಂದು ಕಾರನ್ನು ಮನೆ ಮುಂದೆ ನಿಲ್ಲಿಸಿದಾಗ, ಕಾಡಿಗೆ ಡಬ್ಬಿ ತಂದು ಒಂದು ಬೊಟ್ಟು ಇಟ್ಟೇಬಿಟ್ಟಳು. ಕೂಸಿಗಾದರೆ ಕೆನ್ನೆಗೆ ಇಡಬಹುದು. ಕಾರಿಗೆ ಕೆನ್ನೆ ಎಲ್ಲಿಂದ ತರುವುದು? ಹಣೆಗೆ ಇಟ್ಟಳು. ಕಾರಿನ ಹಣೆ ಎಂದರೆ ಗಾಜಿನ ಮೇಲ್ತುದಿ, ನಟ್ಟನಡುವೆ. ಗಾಜಿನ ಒಳಗೆ ಸರಿಯಾಗಿ ಅದೇ ಜಾಗದಲ್ಲಿ, ಕನ್ನಡಿಯ ಬೆನ್ನ ಹಿಂದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಇರುವುದು ಅವಳಿಗೇನು ಗೊತ್ತು ಪಾಪ.

ಆ ಕ್ಯಾಮೆರಾದ ವಿಷಯ ಹೇಳಬೇಕು. ಆಗಿನ್ನೂ ಅಂಥ ಕಾರುಗಳು ಬೆಂಗಳೂರಿಗೆ ಹೊಸವು. ಕ್ಯಾಮೆರಾ ರಸ್ತೆಯ ಮೇಲಿನ ಬಿಳಿ ಗೆರೆಗಳನ್ನು ನೋಡುತ್ತಾ ಇರುತ್ತದೆ. ಇಂಡಿಕೇಟರ್ ಹಾಕದೆ ಕಾರು ಗೆರೆ ದಾಟಿದರೆ ಕುಯ್ ಕುಯ್ ಎಂದು ಕೂಗುತ್ತದೆ. ಗಾಜು ಬದಲಾಯಿಸಿದರೆ ಅದರ ನೋಟ ಕೂದಲೆಳೆಯಷ್ಟು ತಪ್ಪುತ್ತದೆ; ಹೊಸ ಕನ್ನಡಕ ಹಾಕಿಕೊಂಡವನು ಮೆಟ್ಟಿಲು ತಡವರಿಸುವ ಹಾಗೆ ಗೆರೆ ಇಲ್ಲದಲ್ಲಿ ಗೆರೆ ಕಾಣುತ್ತದೆ. ಅದಕ್ಕೆ ಮತ್ತೆ ನೋಡುವುದನ್ನು ಕಲಿಸಬೇಕು. ಗಾಜು ಹಾಕಿದ ಅಂಗಡಿಯವರ ಹತ್ತಿರ ಆ ಸಲಕರಣೆ ಇರಲಿಲ್ಲ. ಜಿಗಣಿಯ ಈ ವರ್ಕ್‌ಶಾಪಿನಲ್ಲಿ ಇತ್ತು, ಅದನ್ನು ನೋಡಿಕೊಳ್ಳುವವಳು ಕೊಪ್ಪಳದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದ ಈ ಶಿವಗಂಗಾ.

ಬೊಟ್ಟಿನ ವಿಷಯ ಕೇಳಿ ಅವಳು ನಕ್ಕಳು. ಕ್ಯಾಮೆರಾದ ಕಣ್ಣಿಗೇ ಕಾಡಿಗೆ ಹಚ್ಚಿದರೆ ಅದು ಕೂಗದೆ ಏನು ಮಾಡುತ್ತದೆ ಎಂದಳು. ಮುನಿಯಣ್ಣನೂ ನಕ್ಕ. ಅವಳಿಗಿಂತ ಜಾಸ್ತಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿನ ಹಿಂದೆ ಏನಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮುನಿಯಣ್ಣ ಬೊಮ್ಮಸಂದ್ರದ ಒಂದು ವಾಲ್ವ್ ಫ್ಯಾಕ್ಟರಿಯ ಮಾಲೀಕರ ಡ್ರೈವರ್. ಮೊದಲು ದೊಡ್ಡ ಸಾಹೇಬರ ಅಂಬಾಸಿಡರ್ ಓಡಿಸಿದ. ಅವರು ಹೋದ ಮೇಲೆ ಮಗ ಸಿದ್ಧಾರ್ಥನ ಕಾರುಗಳು, ಒಂದಾದ ಮೇಲೊಂದು. ಸಿದ್ಧಾರ್ಥ ಇವನನ್ನು ಚಿಕ್ಕಂದಿನಿಂದ ಅಂಕಲ್ ಎಂದೇ ಕರೆಯುತ್ತಿದ್ದ, ಈಗಲೂ ಹಾಗೇ. ಬೆಳಿಗ್ಗೆ ಸಿದ್ಧಾರ್ಥನ ಮಗಳು ವೇಣಿಯನ್ನು ಸ್ಕೂಲಿಗೆ ಬಿಡುವುದೂ ಮುನಿಯಣ್ಣನ ಕೆಲಸವೇ. ಹೊಸ ಗಾಜು ಬಂದ ಮೇಲೆ ಕಾರು ಸಿಕ್ಕಾಪಟ್ಟೆ ಕೂಗತೊಡಗಿತು. ವೇಣಿಗೆ ಅದೊಂದು ಆಟವಾಯಿತು. ಹಿಂದಿನ ಸೀಟಿನಲ್ಲಿ ಕುಳಿತು ಪ್ರತಿ ಕೂಗಿಗೂ ಕೈತಟ್ಟಿ ನಗುತ್ತಿದ್ದಳು. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೂ ವರದಿ ಒಪ್ಪಿಸಿದಳು. ಮಾರನೆಯ ದಿನ ಸಿದ್ಧಾರ್ಥ ಕಾರಿನಲ್ಲಿ ಫೋನು ಕೆಳಗಿಟ್ಟು ಮುನಿಯಣ್ಣ ಓಡಿಸುವುದನ್ನೇ ನೋಡುತ್ತಿದ್ದ. ಫ್ಯಾಕ್ಟರಿ ಹತ್ತಿರ ಬಂದಾಗ ಮೆಲ್ಲಗೆ ಹೇಳಿದ.

"ಅಂಕಲ್, ಮೊದ್ಲು ಕ್ಯಾಮೆರಾ ಸರಿ ಮಾಡಿಸ್ಬಿಡಿ. ಆಮೇಲೂ ಇದು ಕೂಗಿದ್ರೆ ನಿಮ್ಮ ಕಣ್ಣು ನೋಡೋಣ. ಗೇಟಲ್ಲಿ ಕೂತ್ಕೊಳ್ಳೋ ಕೆಲ್ಸ ಇದ್ದೇ ಇದೆ. ಸಂಬಳದ ಬಗ್ಗೆ ಯೋಚ್ನೆ ಮಾಡ್ಬೇಡಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳ್ಳೆಯ ಮಾತಿನಲ್ಲಿ ಹೇಳಿದ್ದಕ್ಕೆ ಎದುರು ಮಾತಾಡುವುದಾದರೂ ಹೇಗೆ? ಆ ಗೇಟಿನ ಮುಂದೆ ಹಾರ್ನ್ ಹೊಡೆದು ಬಾಗಿಲು ತೆಗೆಸಿಯೇ ಮುನಿಯಣ್ಣನ ಆಯುಸ್ಸು ಕಳೆದಿತ್ತು. ಇನ್ನು ಹಾರ್ನ್ ಕೇಳಿ ತಾನು ಎದ್ದು ಓಡಬೇಕು, ಹೊಸ ಡ್ರೈವರೊಬ್ಬ ಕಾರಿನ ಒಳಗಿನಿಂದ ಕೈಯೆತ್ತಬೇಕು. ಗಾಜು ಒಡೆಯುವ ಮುಂಚೆಯೂ ಕಾರು ಆಗಾಗ ಕೂಗುತ್ತಿತ್ತು ಎಂಬುದನ್ನು ಅವನು ಸಿದ್ಧಾರ್ಥನಿಗೆ ಹೇಳಿರಲಿಲ್ಲ. ತನಗೇ ಹೇಳಿಕೊಂಡಿರಲಿಲ್ಲ.

ಹೀಗಿರುವಾಗ ಕಾಡಿಗೆ ಸಿಕ್ಕಿತು. ಸಿಕ್ಕಿದ್ದೇ ತಡ ಮುನಿಯಣ್ಣ ವರ್ಕ್‌ಶಾಪಿನ ಹೊರಗೆ ಹೋಗಿ ಫೋನು ಹಚ್ಚಿದ. ಮೊದಲು ಬೈರಮ್ಮನಿಗೆ ಬೈದ. ಬೈಗುಳದಲ್ಲಿ ಎಷ್ಟು ಸಂತೋಷ ತುಂಬಿತ್ತೆಂದರೆ, ಅವಳು ಕುಡಿದಿದ್ದೀಯಾ ಎಂದು ಕೇಳಿದಳು. ಆಮೇಲೆ ಸಿದ್ಧಾರ್ಥನಿಗೆ ಮಾಡಿ, ಎಲ್ಲಾ ನಮ್ಮ ಮನೆಯವಳ ಘನಂದಾರಿ ಕೆಲಸ ಸಾರ್, ಕ್ಯಾಮೆರಾಗೆ ದೃಷ್ಟಿಬೊಟ್ಟು ಇಟ್ಟವ್ಳೆ ಎಂದ. ಆ ಕಡೆ ಸಿದ್ಧಾರ್ಥನೂ ಜೋರಾಗಿ ನಕ್ಕಿದ್ದು ಕೇಳಿಸಿತು. ಮುನಿಯಣ್ಣ ಎದುರಿನ ಅಂಗಡಿಯಲ್ಲಿ ಎರಡು ಟೀ ಹೇಳಿ, ಒಂದನ್ನು ತಾನೇ ಒಯ್ದು ಶಿವಗಂಗಾಳ ಕೈಗೆ ಕೊಟ್ಟ.

ಅಷ್ಟರಲ್ಲಿ ಅವಳು ಗಾಜು ಒರೆಸಿ, ಕಾರಿನ ಮುಂದೆ ಕಪ್ಪು ಬಿಳುಪು ಚೌಕಗಳ ಹಲಗೆಯೊಂದನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು, ಲ್ಯಾಪ್‌ಟಾಪಿನ ವೈರನ್ನು ಕಾರಿಗೆ ಚುಚ್ಚಿದ್ದಳು. ಹಲಗೆ ನೋಡುವ ಪಾಠ ಸಲೀಸಾಗಿ ಮುಗಿಯಿತು. ಆದರೆ ಅದು ಅರ್ಧ ಕೆಲಸ. ಇನ್ನರ್ಧ ರಸ್ತೆಯ ಮೇಲೆ. ಗೆರೆಗಳ ನಡುವೆ ನೆಟ್ಟಗೆ, ಒಂದೇ ವೇಗದಲ್ಲಿ ಕಾರು ಓಡಬೇಕು. ಕ್ಯಾಮೆರಾ ಗೆರೆ ನೋಡಿ ನೋಡಿ ತಾನೇ ಹೊಂದಿಕೊಳ್ಳುತ್ತದೆ.

ಗೆರೆ ಎಂದರೆ ಎಲ್ಲಿಗೆ ಹೋಗುವುದು? ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳ ಪುಡಿ ಬಿದ್ದು ಬಿದ್ದು ಅಲ್ಲಿ ಇಡೀ ರಸ್ತೆಯೇ ಒಂದು ಬಿಳಿ ಗೆರೆ. ಈ ಕಾರು ಮಾಡಿದ ದೇಶದ ಎಂಜಿನಿಯರುಗಳು ಒಂದು ದಿನ ಬಂದು ನೋಡಬೇಕಿತ್ತು. ವರ್ಕ್‌ಶಾಪಿನವರು ಇಂಥ ಕೆಲಸಕ್ಕೆ ನೈಸ್ ಟೋಲ್ ರಸ್ತೆಗೆ ಹೋಗುವುದು ವಾಡಿಕೆ. ಮುನಿಯಣ್ಣ ಸ್ಟೀರಿಂಗಿಗೆ ಕೈಮುಗಿದು ಹೊರಟ. ಶಿವಗಂಗಾ ಪಕ್ಕದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದಾರಿಯುದ್ದಕ್ಕೂ ಅವನು, ಇಲ್ಲಿ ನಮ್ಮ ತಾತನ ರಾಗಿ ಹೊಲ ಇತ್ತು, ಅಲ್ಲಿ ಕೆರೆ ಇತ್ತು ಎಂದು ತೋರಿಸುತ್ತಾ ಬಂದ. ಅವಳಿಗೆ ಕಂಡದ್ದು ಬರೀ ಕಾಂಪೌಂಡುಗಳು, ಆದರೂ ಹೌದ್ರಿ ಹೌದ್ರಿ ಎಂದಳು.

ಟೋಲು ದಾಟಿದ ಮೇಲೆ ಕೆಲಸ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ಹಸಿರು ಪಟ್ಟಿಯೊಂದು ಮೆಲ್ಲಗೆ ಬೆಳೆಯತೊಡಗಿತು. ಅರ್ಧದವರೆಗೆ ಬಂದಿತು. ಕಾರು ಕುಯ್ ಎಂದಿತು, ಪಟ್ಟಿ ಮೊದಲಿನ ಜಾಗಕ್ಕೆ ಹೋಯಿತು. ಮುನಿಯಣ್ಣ ಗೆರೆ ಮಾಸಿದೆ ಎಂದ. ಎರಡನೆಯ ಸಲ ತಪ್ಪನ್ನು ಗಾಳಿಯ ಮೇಲೆ ಹಾಕಿದ. ಆಮೇಲೆ, ಒಂದಿಷ್ಟು ಕಾಡಿಗೆ ಉಳಿದಿರಬೇಕು ನೋಡವ್ವ ಎಂದ. ಶಿವಗಂಗಾಳಿಗೂ ಮೆಷಿನ್ನಿನ ಮೇಲೇ ಅನುಮಾನ. ಬದಿಯಲ್ಲಿ ನಿಲ್ಲಿಸಿ ಇನ್ನೊಮ್ಮೆ ಗಾಜು ಒರೆಸಿದಳು, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದಳು. ಮತ್ತೆ ಅದೇ ಕತೆ.

ಆಗ ಅವಳು ಲ್ಯಾಪ್‌ಟಾಪು ಬಿಟ್ಟು ರಸ್ತೆ ನೋಡಿದಳು. ಗೆರೆ ಮಾಸಿರಲಿಲ್ಲ. ಈಗಷ್ಟೇ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮುಂದೆ ಒಂದು ಸಿಮೆಂಟು ಲಾರಿ ಹೋಗುತ್ತಿತ್ತು, ಮುನಿಯಣ್ಣ ಅದರ ಹಿಂದೆ ನೆಟ್ಟಗೆ, ಅಚ್ಚುಕಟ್ಟಾಗಿ ಓಡಿಸುತ್ತಿದ್ದ. ಪಟ್ಟಿ ಬೆಳೆಯುತ್ತಿತ್ತು. ಲಾರಿ ವೇಗ ಹೆಚ್ಚಿಸಿ ದೂರವಾಯಿತು. ರಸ್ತೆ ಖಾಲಿಯಾದದ್ದೇ ಕಾರು ಮೆಲ್ಲಮೆಲ್ಲಗೆ ಎಡಕ್ಕೆ ಜಾರಿತು, ಗೆರೆ ತುಳಿಯಿತು, ಕೂಗಿತು. ಅವಳು ಅವನ ಮುಖ ನೋಡಿದಳು. ಗಲ್ಲ ಹೆಚ್ಚುಕಡಿಮೆ ಸ್ಟೀರಿಂಗಿಗೆ ತಾಗುವಂತೆ ಬಾಗಿ, ಕಣ್ಣು ಕಿರಿದು ಮಾಡಿ, ಮುಂದಿನ ಲಾರಿಗಾಗಿ ಹುಡುಕುತ್ತಿದ್ದ.

ಅಯ್ಯೋ ದೇವರೇ ಎನ್ನಿಸಿತು ಶಿವಗಂಗಾಳಿಗೆ. ಟೀ ತಂದುಕೊಟ್ಟ ಕೈ ಅದು. ಹೇಳುವುದು ಹೇಗೆ?

"ಕಾಕಾ, ಒಮ್ಮೆ ನಾ ಹೊಡೀಲೇನ್ರಿ? ಮೆಷಿನ್ನಂದು ತಪ್ಪೋ ಗಾಡೀದು ತಪ್ಪೋ ಗೊತ್ತಾಗಿಬಿಡತೈತಿ."

ಮೂರನೆಯದೊಂದು ಇದೆ ಎಂದು ಅವಳು ಹೇಳಲಿಲ್ಲ. ಮುನಿಯಣ್ಣನ ಕೈಯಿಂದ ಆ ಕಾರಿನ ಸ್ಟೀರಿಂಗ್ ಬೇರೆಯವರಿಗೆ ಹೋದದ್ದೇ ಅಪರೂಪ. ಆದರೂ ಕೆಲಸ ಮುಗಿದರೆ ಸಾಕಾಗಿತ್ತು ಅವನಿಗೆ. ಬದಿಗೆ ನಿಲ್ಲಿಸಿ, ಇಳಿದು ಜಾಗ ಬಿಟ್ಟುಕೊಟ್ಟ, ಲ್ಯಾಪ್‌ಟಾಪು ಹಿಡಿದು ಪಕ್ಕದಲ್ಲಿ ಕುಳಿತ. ಶಿವಗಂಗಾ ಓಡಿಸಿದಳು. ಕಾರು ಒಮ್ಮೆಯೂ ಕೂಗಲಿಲ್ಲ. ಅರ್ಧ ದಾಟಿತು, ಮುಕ್ಕಾಲು ದಾಟಿತು, ಪಟ್ಟಿ ಪೂರ್ತಿ ಹಸಿರಾಗಿ ಲ್ಯಾಪ್‌ಟಾಪು ಸಣ್ಣದೊಂದು ರಾಗ ಹಾಡಿತು. ಕ್ಯಾಮೆರಾ ಸರಿಯಾಗಿತ್ತು. ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

ಮುನಿಯಣ್ಣನಿಗೆ ಖುಷಿಯೋ ಖುಷಿ. ನಾ ಏಳ್ಲಿಲ್ವಾ, ನಾ ಏಳ್ಲಿಲ್ವಾ ಎಂದು ಎರಡು ಸಲ ಕೇಳಿದ. ಇನ್ನು ತಾನೇ ಓಡಿಸುತ್ತೇನೆಂದು ಇಳಿದು ಬಂದು ಬಾಗಿಲು ತೆಗೆದು ನಿಂತ. ಬೇಡ ಎನ್ನಲು ಶಿವಗಂಗಾಳಿಗೆ ಬಾಯಿ ಬರಲಿಲ್ಲ. ಜಾಗ ಬಿಟ್ಟಳು.

ಹೊರಟು ಸ್ವಲ್ಪ ದೂರ ಹೋಗಿರಬೇಕು, ಕಾರು ಕೂಗಿತು. ಮುನಿಯಣ್ಣ ಸ್ಟೀರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದು ಓಡಿಸಿದ. ಮತ್ತೆ ಕೂಗಿತು. ಮೂರನೆಯ ಸಲ ಕೂಗಿದಾಗ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು, ನಿಲ್ಲಿಸಿದ. ಎಂಜಿನ್ ಆರಿಸಿದ. ಪಕ್ಕದಲ್ಲಿ ಬಸ್ಸುಗಳು ಹಾದುಹೋದಾಗಲೆಲ್ಲಾ ಕಾರು ಅಲುಗಾಡುತ್ತಿತ್ತು.

"ಮಗಾ, ಆ ಗೆರೆ ನಿಂಗೆ ಎಲ್ಲಿಗಂಟ ಕಾಣ್ತದೆ?"

ಶಿವಗಂಗಾ ಮುಂದೆ ನೋಡಿದಳು. "ಆ ಸೇತುವಿ ಮಟ ಚೊಲೋ ಕಾಣತೈತ್ರಿ ಕಾಕಾ."

ಮುನಿಯಣ್ಣ ಬಹಳ ಹೊತ್ತು ಮುಂದೆ ನೋಡಿದ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನೋಡಿದ.

"ಯಾವ ಸೇತುವೆ?" ಎಂದ.

ಶಿವಗಂಗಾ ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಮುಚ್ಚಿದಳು. ಆಮೇಲೆ ಅವಳೇ ಸಮಾಧಾನ ಹೇಳತೊಡಗಿದಳು. ಪೊರೆ ಬಂದಿರಬಹುದು, ಅದನ್ನು ತೆಗೆಯುವುದು ಈಗ ದೊಡ್ಡ ಮಾತಲ್ಲ. ತಾನು ಯಾರಿಗೂ ಏನೂ ಹೇಳುವುದಿಲ್ಲ. ಕ್ಯಾಮೆರಾ ಇನ್ನೂ ಹೊಂದಿಲ್ಲ, ಮುಂದಿನ ವಾರ ಬರಬೇಕು ಎಂದು ಸಾಹೇಬರಿಗೆ ತಾನೇ ತಿಳಿಸುತ್ತಾಳೆ. ಅಷ್ಟರೊಳಗೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರಾಯಿತು. ಹೀಗೆ ಸುಳ್ಳು ಹೇಳುವುದು ಅವಳ ಕೆಲಸಕ್ಕೆ ಒಳ್ಳೆಯದಲ್ಲ, ಅದು ಅವಳಿಗೆ ಗೊತ್ತಿತ್ತು.

ಮುನಿಯಣ್ಣ ಕೇಳಿಸಿಕೊಂಡ. ಒಂದು ಗಳಿಗೆ ಆ ಮಾತು ಅವನನ್ನು ಎಳೆಯಿತು ಕೂಡ. ಒಂದು ವಾರ ಎಂದರೆ ಕಡಿಮೆಯೇ? ಲಾರಿಯ ಹಿಂದೆ, ಬಸ್ಸಿನ ಹಿಂದೆ ಸೇರಿಕೊಂಡು ಇಷ್ಟು ದಿನ ನಡೆದಿತ್ತಲ್ಲ.

"ಲಾರಿ ಇಂದೆ ಓದ್ರೆ ಏನೂ ತೊಂದ್ರೆ ಇರ್ಲಿಲ್ಲ ಕಣವ್ವ," ಎಂದ. ಕರವಸ್ತ್ರ ಮಡಚಿ ಜೇಬಿಗಿಟ್ಟು, "ಬೆಳಿಗ್ಗೆ ಪಾಪೂನ ಸ್ಕೂಲಿಗೆ ಬಿಡ್ಬೇಕು," ಎಂದ.

ಫೋನು ತೆಗೆದ. ಅಂಕಿ ನೋಡಲು ಅದನ್ನು ಮೂಗಿನ ಹತ್ತಿರಕ್ಕೆ ತಂದದ್ದನ್ನು ಶಿವಗಂಗಾ ನೋಡಿದಳು, ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿದಳು.

"ಸಾರ್, ಮುನಿಯಣ್ಣ... ಔದು ಸಾರ್, ಕ್ಯಾಮೆರಾ ನೆಟ್ಗಾಯ್ತು. ಪಾಪ, ಈ ಉಡ್ಗಿ ಪಸಂದಾಗಿ ಮಾಡವ್ಳೆ." ಅವನು ಹೆಬ್ಬೆರಳಿನಿಂದ ಸ್ಟೀರಿಂಗ್ ಒರೆಸಿದ. "ಆದ್ರೂ ಕೂಗ್ತದೆ ಸಾರ್."

ಆ ಕಡೆಯಿಂದ ಸಿದ್ಧಾರ್ಥ ಏನೋ ಹೇಳಿದ, ಮುನಿಯಣ್ಣ ಆಯ್ತು ಸಾರ್, ಆಯ್ತು ಎಂದ. ನಾಳೆ ಪಾಪುವಿಗೆ ಬೇರೆ ಯಾರನ್ನಾದರೂ ನೋಡಿ ಎಂದು ಹೇಳಿ ಫೋನು ಇಟ್ಟ. ಸೀಟ್ ಬೆಲ್ಟ್ ಬಿಚ್ಚಿ, ಕೆಳಗಿಳಿದು, ಬಾನೆಟ್ಟಿನ ಮೇಲೆ ಕೈ ಆಡಿಸುತ್ತಾ ಮುಂದಿನಿಂದ ಸುತ್ತಿ ಎಡಗಡೆಯ ಬಾಗಿಲಿಗೆ ಬಂದ.

ಶಿವಗಂಗಾ ಸ್ಟೀರಿಂಗ್ ಹಿಡಿದಳು. ಅವನಿಗೆ ಹೆದರಿಕೆಯಾಗಬಾರದೆಂದು ನಿಧಾನವಾಗಿ ಓಡಿಸಿದಳು. ಗೆರೆಗಳು ಎರಡೂ ಬದಿಯಲ್ಲಿ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿದ್ದವು. ಮುನಿಯಣ್ಣ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಮುಂದೆಯೇ ನೋಡುತ್ತಿದ್ದ. ತಂಪಾದ ನೆರಳೊಂದು ಗಾಜಿನ ಮೇಲೆ, ಅವನ ಮುಖದ ಮೇಲೆ ಹಾದುಹೋಯಿತು. ಅವನು ತಲೆಯೆತ್ತಿ ಮೇಲೆ ನೋಡಿದ, ಸೇತುವೆ.